ಟ್ರ್ಯಾಕ್ಟರಿನ ಆಯ್ಕೆಯೂ ಮಾರಾಟಗಾರನ ಹೊಣೆಯೂ

ತುಂಗಭದ್ರಾ ಬಲದಂಡೆ ಕಾಲುವೆಗಳಿಗೆ ನೀರು ಬಿಟ್ಟ ಸುದ್ದಿ ಬಂದೊಡನೆ ಸಿರಿಗೇರಿ, ಸಿರುಗುಪ್ಪ, ಕುರುಗೋಡು ಭಾಗದ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರುಗಳು ಹಗಲಿರುಳು ದುಡಿಯತೊಡಗುತ್ತವೆ. ಸಸಿಮಡಿಯಲ್ಲಿನ ಪೈರನ್ನು 25ರಿಂದ 30 ದಿನಗಳೊಳಗೆ ನಾಟಿ ಮಾಡಬೇಕು. ಅಷ್ಟರಲ್ಲಿ ಗದ್ದೆ ಕೆಸರಾಗಿ ಸಿದ್ಧವಾಗಿರಬೇಕು. ಈ ಕೆಲವೇ ವಾರಗಳಲ್ಲಿ ಯಂತ್ರವೊಂದು ನಾಲ್ಕು ದಿನ ನಿಂತರೆ ಮಾಲೀಕನಿಗಾಗುವ ನಷ್ಟವನ್ನು ಶೋರೂಮಿನಲ್ಲಿ ದೊರೆತ ಯಾವ ರಿಯಾಯಿತಿಯೂ ತುಂಬಿಕೊಡಲಾರದು. ಸ್ವಂತ ಗದ್ದೆಯ ಕೆಲಸ ಹಿಂದುಳಿಯುವುದಲ್ಲದೆ, ಬಾಡಿಗೆಗೆ ಒಪ್ಪಿಕೊಂಡ ಎಕರೆಗಳು ಬೇರೆಯವರ ಪಾಲಾಗುತ್ತವೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಕೆಸರುಗದ್ದೆಯ ದುಡಿಮೆಯು ಟ್ರ್ಯಾಕ್ಟರಿಗೆ ಅತಿ ಕಠಿಣವಾದ ಪರೀಕ್ಷೆ. ಕಬ್ಬಿಣದ ಕೇಜ್ ವ್ಹೀಲ್ ಕಟ್ಟಿಕೊಂಡು ಎರೆಮಣ್ಣಿನ ಕೆಸರಿನಲ್ಲಿ ಓಡುವಾಗ ಕ್ಲಚ್ಚು ಬೇಗ ಸವೆಯುತ್ತದೆ. ಆಕ್ಸಲಿನ ಆಯಿಲ್ ಸೀಲ್ ಬಿಟ್ಟುಕೊಂಡರೆ ನೀರು ಒಳಹೊಕ್ಕು ಎಣ್ಣೆ ಹಾಲಿನಂತೆ ಬೆಳ್ಳಗಾಗುತ್ತದೆ. ಅಲ್ಲಿಗೇ ಗಮನಿಸಿದರೆ ಒಂದು ಸೀಲಿನ ಖರ್ಚು. ಗಮನಿಸದಿದ್ದರೆ ಬೇರಿಂಗು, ಗೇರುಗಳವರೆಗೂ ಹಾನಿ. ಕ್ಷುಲ್ಲಕ ಬೆಲೆಯ ಆ ಸೀಲು ಸಿರುಗುಪ್ಪದಲ್ಲಿಯೇ ದೊರೆಯುವುದೋ, ಬಳ್ಳಾರಿಯಿಂದ ತರಬೇಕೋ, ಇಲ್ಲವೇ ಹುಬ್ಬಳ್ಳಿ ಅಥವಾ ಬೆಂಗಳೂರಿನ ಡಿಪೋದಿಂದ ಬರುವವರೆಗೂ ಕಾಯಬೇಕೋ ಎಂಬುದರ ಮೇಲೆ ಆ ಹಂಗಾಮಿನ ಲೆಕ್ಕಾಚಾರವೇ ನಿಂತಿರುತ್ತದೆ.

ಆದುದರಿಂದಲೇ ಈ ಭಾಗದ ರೈತನು ಅಶ್ವಶಕ್ತಿ ಮತ್ತು ಮೈಲೇಜುಗಳನ್ನು ವಿಚಾರಿಸಿದ ಮೇಲೆ ಕೊನೆಯದಾಗಿ ಕೇಳುವ ಪ್ರಶ್ನೆ ಒಂದೇ: ಪಾರ್ಟು ಎಲ್ಲಿ ಸಿಗುತ್ತದೆ, ಮೆಕ್ಯಾನಿಕ್ ಎಷ್ಟು ಹೊತ್ತಿಗೆ ಬರುತ್ತಾನೆ? ಕಂಪನಿಗಳ ಜಾಹೀರಾತುಗಳು ಈ ಪ್ರಶ್ನೆಗೆ ಉತ್ತರಿಸುವುದಿಲ್ಲ. ಬ್ರಾಂಡುಗಳ ಒಡೆತನವಂತೂ ಬದಲಾಗುತ್ತಲೇ ಬಂದಿದೆ. 2005ರಲ್ಲಿ ಐಷರ್ ಟ್ರ್ಯಾಕ್ಟರು ಟಾಫೆಯ ಪಾಲಾಯಿತು. 2007ರಲ್ಲಿ ಸ್ವರಾಜ್ ತಯಾರಿಸುತ್ತಿದ್ದ ಪಂಜಾಬ್ ಟ್ರ್ಯಾಕ್ಟರ್ಸ್ ಮಹೀಂದ್ರಾದ ವಶಕ್ಕೆ ಬಂದಿತು. ಊರಿನ ರೈತನಿಗೆ ಇದರಿಂದ ಆದ ವ್ಯತ್ಯಾಸ ಅಷ್ಟಕ್ಕಷ್ಟೆ. ಅವನ ಪಾಲಿಗೆ ಕಂಪನಿಯೆಂದರೆ ಡೀಲರನ ಕೌಂಟರಿನಲ್ಲಿ ಕುಳಿತಿರುವ ವ್ಯಕ್ತಿ.

ಕರ್ನಾಟಕಕ್ಕೆ ಹತ್ತಿರದ ಉದಾಹರಣೆ ಎಚ್‌ಎಂಟಿ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ಈ ಸರ್ಕಾರಿ ಸಂಸ್ಥೆಯು 1970ರ ದಶಕದ ಆರಂಭದಲ್ಲಿ ಹರಿಯಾಣದ ಪಿಂಜೋರಿನಲ್ಲಿ ಜೆಟರ್ ತಂತ್ರಜ್ಞಾನದ ಟ್ರ್ಯಾಕ್ಟರುಗಳ ತಯಾರಿಕೆ ಕೈಗೊಂಡಿತು. ಯಂತ್ರದ ಗಟ್ಟಿತನದ ಬಗ್ಗೆ ದೂರುಗಳು ವಿರಳ. ಆದರೂ 2016ರಲ್ಲಿ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ ತೀರ್ಮಾನಿಸಿತು. ತಯಾರಕನೇ ಇಲ್ಲವಾದ ಮೇಲೆ ಹಳೆಯ ಎಚ್‌ಎಂಟಿಗಳನ್ನು ನಡೆಸಬೇಕಾದ ಹೊಣೆ ಬಿಡಿಭಾಗದ ಅಂಗಡಿಗಳ ಮೇಲೆ, ಲೇತ್ ಯಂತ್ರದ ಕುಶಲಕರ್ಮಿಗಳ ಮೇಲೆ ಬಿದ್ದಿತು. ಅಧಿಕೃತ ಮಾರಾಟಗಾರರು ಅಂಥವರನ್ನು ಪ್ರತಿಸ್ಪರ್ಧಿಗಳೆಂದು ಕಾಣುವುದು ಅಷ್ಟೇನೂ ಜಾಣತನವಲ್ಲ.

ಮುಂದಿನ ದಿನಗಳಲ್ಲಿ ಮಾರಾಟಗಾರನ ಹೊಣೆ ಇನ್ನೂ ಹೆಚ್ಚುವ ಸೂಚನೆಗಳಿವೆ. 2023ರ ಜನವರಿ 1ರಿಂದ 50 ಅಶ್ವಶಕ್ತಿಗೂ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ಹೊಗೆ ನಿಯಮ ಜಾರಿಗೆ ಬಂದಿದೆ. ಇಂಥ ಎಂಜಿನುಗಳಲ್ಲಿ ಇಂಧನ ಪೂರೈಕೆಯನ್ನು ಎಲೆಕ್ಟ್ರಾನಿಕ್ ವ್ಯವಸ್ಥೆ ನಿಯಂತ್ರಿಸುತ್ತದೆ. ಸೆನ್ಸರು ಕೈಕೊಟ್ಟರೆ ಊರಿನ ಮೆಕ್ಯಾನಿಕ್ಕನ ಸ್ಪ್ಯಾನರಿಗೆ ಅದು ದಕ್ಕದು. ಕಂಪನಿಯ ತಪಾಸಣಾ ಸಾಧನವೇ ಬೇಕು. ಆ ಸಾಧನವೂ ಅದನ್ನು ಬಲ್ಲ ಹುಡುಗನೂ ತಾಲ್ಲೂಕು ಮಟ್ಟದಲ್ಲಿ ಇಲ್ಲದಿದ್ದರೆ ಹೆಚ್ಚು ಶಕ್ತಿಯ ಟ್ರ್ಯಾಕ್ಟರನ್ನು ಕೊಳ್ಳಲು ರೈತ ಹಿಂಜರಿಯುವುದು ಸಹಜವೇ ಆಗಿದೆ.

ದುರದೃಷ್ಟವಶಾತ್, ಮಾರಾಟಗಾರರ ಪೈಪೋಟಿ ನಡೆದಿರುವುದು ಬಹುಪಾಲು ರಿಯಾಯಿತಿಯ ಮೇಲೆ. ಎದುರಿನ ಅಂಗಡಿಗಿಂತ ಐದು ಸಾವಿರ ಕಡಿಮೆ, ಜೊತೆಗೊಂದು ಉಡುಗೊರೆ. ಹೀಗೆ ಲಾಭಾಂಶವನ್ನು ಮಾರಾಟದ ದಿನವೇ ಬಿಟ್ಟುಕೊಟ್ಟವನ ಕೈಯಲ್ಲಿ ದಾಸ್ತಾನಿಗೆ ಹಣ ಉಳಿಯುವುದೆಂತು? 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ. 12ರಿಂದ 5ಕ್ಕೂ, ಟೈರು ಮತ್ತು ಹಲವು ಬಿಡಿಭಾಗಗಳದು ಶೇ. 18ರಿಂದ 5ಕ್ಕೂ ಇಳಿಯಿತು. ಬೆಲೆಯ ಅನುಕೂಲ ಎಲ್ಲ ಬ್ರಾಂಡುಗಳಿಗೂ ಸಮಾನವಾದುದರಿಂದ ಅದರಲ್ಲಿ ಯಾರಿಗೂ ಮೇಲುಗೈಯಿಲ್ಲ. ಆದರೆ ಬಿಡಿಭಾಗ ತರಿಸುವಾಗ ತೆರಿಗೆಯಾಗಿ ಮುಂಗಡ ಕಟ್ಟಬೇಕಾದ ಹಣ ಕಡಿಮೆಯಾಗಿದೆ. ಆ ಉಳಿತಾಯವನ್ನು ಕ್ಲಚ್ ಪ್ಲೇಟು, ಸೀಲು, ಹೈಡ್ರಾಲಿಕ್ ಪಂಪುಗಳ ಸಂಗ್ರಹಕ್ಕೆ ತೊಡಗಿಸಿ, ಕಾಲುವೆಗೆ ನೀರು ಬರುವ ಮುನ್ನವೇ ಸಿರಿಗೇರಿಯಂಥ ಹೋಬಳಿ ಮಟ್ಟದ ಊರಿನಲ್ಲಿ ನಾಟಿಯ ಹಂಗಾಮಿಗಾದರೂ ಒಂದು ಕೌಂಟರು ತೆರೆಯಬಾರದೇಕೆ? ಕೇಜ್ ವ್ಹೀಲ್, ಟ್ರೇಲರ್ ತಯಾರಿಸುವ ಸ್ಥಳೀಯ ವರ್ಕ್‌ಶಾಪಿನ ಒಂದು ಮೂಲೆಯೇ ಇದಕ್ಕೆ ಸಾಕು. ಬಾಡಿಗೆಯೂ ಹಗುರ, ಗಿರಾಕಿಗಳೂ ಅಲ್ಲಿಗೇ ಬರುತ್ತಾರೆ.

ಇದು ಉದಾರತೆಯ ಮಾತಲ್ಲ, ವ್ಯಾಪಾರದ ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋಗಿ, ಅಪಾರ ನೀರು ನದಿಗೆ ಹರಿದುಹೋದಾಗ ಅಚ್ಚುಕಟ್ಟಿನ ರೈತರೆಲ್ಲರೂ ತಲ್ಲಣಿಸಿದರು. ನೀರಿನ ಭರವಸೆಯಿಲ್ಲದ ವರ್ಷ ಹೊಸ ಟ್ರ್ಯಾಕ್ಟರು ಕೊಳ್ಳುವ ಧೈರ್ಯ ಯಾರಿಗೂ ಬಾರದು. ಆಗ ಹಳೆಯದನ್ನೇ ದುರಸ್ತಿ ಮಾಡಿಸಿಕೊಂಡು ಓಡಿಸುತ್ತಾರೆ. ಆ ವರ್ಷ ಡೀಲರನ ಮಳಿಗೆಯ ಬಾಗಿಲು ತೆರೆದಿರುವುದು ದುರಸ್ತಿಯ ಆದಾಯದಿಂದಲೇ.