ಬ್ಯಾಗಿಗಿಂತ ಮೊದಲು ತೂಕ

ಊರಿಗೆ ಹೊರಟಾಗ ಪೆಟ್ಟಿಗೆ ಕಟ್ಟುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಟ್ಯಾಂಗ್, ಸೋಪು, ಕಂಬಳಿ ಎಲ್ಲ ತುಂಬಿ, ತೂಕದ ಮಷಿನ್ 30 ಕಿಲೋ ತೋರಿಸಿದ ಮೇಲೆಯೇ ಹಗ್ಗ ಬಿಗಿಯುತ್ತೇವೆ. ‘ಜಾಗ ಇದೆಯಲ್ಲ, ಇರಲಿ’ ಎನ್ನುವ ಈ ಅಭ್ಯಾಸ ವಿಮಾನಕ್ಕೆ ಸರಿ, ಬೈಕಿಗೆ ಅಲ್ಲ.

ಕಳೆದ ಬೇಸಿಗೆಯಲ್ಲಿ ಶಿಕಾಗೋದ ತಮ್ಮನ ಮನೆಗೆ ಹೋಗಿದ್ದಾಗ ಇದು ನಮಗೆ ಅರ್ಥವಾಯಿತು. ಎರಡು ಬೈಕುಗಳಲ್ಲಿ ಐ-94 ಹೆದ್ದಾರಿ ಹಿಡಿದು ಡೆಟ್ರಾಯಿಟ್ ಕಡೆಗೆ ಹೊರಟೆವು. ಮಿಶಿಗನ್ ಸರೋವರದ ದಂಡೆಯ ವಾರನ್ ಡ್ಯೂನ್ಸ್‌ನಲ್ಲಿ ಒಂದು ರಾತ್ರಿ, ಆನ್ ಆರ್ಬರ್‌ಗಿಂತ ಈಚೆ ಸಿಗುವ ವಾಟರ್‌ಲೂನಲ್ಲಿ ಇನ್ನೊಂದು ರಾತ್ರಿ ಟೆಂಟು ಹಾಕುವ ಲೆಕ್ಕ. ಬೈಕಿಗೆ ದೊಡ್ಡ ಗಟ್ಟಿ ಪೆಟ್ಟಿಗೆಗಳಿದ್ದವು. ಅಕ್ಕಿ, ಕುಕ್ಕರು, ಕೊನೆಗೆ ಸೌದೆಯನ್ನೂ ತುಂಬಿದೆವು. ಹಿಂದೆ ಭಾರ ಹೆಚ್ಚಾಗಿ, ಪಕ್ಕದಲ್ಲಿ ಲಾರಿ ಹಾದಾಗಲೆಲ್ಲ ಹ್ಯಾಂಡಲ್ ನಡುಗುತ್ತಿತ್ತು. ಸಂಜೆ ಬಿಚ್ಚಿ ನೋಡಿದರೆ ತಮ್ಮನ ಇನ್ಸುಲಿನ್ ಪೆನ್ನು ಕಪ್ಪು ಪೆಟ್ಟಿಗೆಯ ತಳದಲ್ಲಿ, ಮಧ್ಯಾಹ್ನದ ಬಿಸಿಲಿಗೆಲ್ಲ ಕಾದು ಬಿಸಿಯಾಗಿತ್ತು. ಆಸ್ಪತ್ರೆಯಲ್ಲಿ ದಿನವೂ ಔಷಧ ಕೊಡುವ ನಮಗೇ ಇದು ಹೊಳೆದಿರಲಿಲ್ಲ. ಅದನ್ನು ಎಸೆದು, ಹೊಸದು ಕೈಗೆ ಬರುವವರೆಗೆ ಯಾರಿಗೂ ನೆಮ್ಮದಿಯಿರಲಿಲ್ಲ.

ಸೌದೆ ಒಯ್ದದ್ದಂತೂ ದೊಡ್ಡ ತಪ್ಪು. ಆಷ್ ಮರಗಳನ್ನು ಕೊಲ್ಲುವ ಹಸಿರು ದುಂಬಿ ಅಮೆರಿಕದಲ್ಲಿ ಮೊದಲು ಪತ್ತೆಯಾದದ್ದು 2002ರಲ್ಲಿ, ಡೆಟ್ರಾಯಿಟ್ ಬಳಿ. ಅದು ಸೌದೆಯೊಳಗೆ ಕುಳಿತು ದೂರ ದೂರ ಹರಡಿತು. ಅಲ್ಲಿ ಉರಿಸುವ ಕಟ್ಟಿಗೆಯನ್ನು ಅಲ್ಲೇ ಕೊಳ್ಳಬೇಕು.

ಆದ್ದರಿಂದ ಬ್ಯಾಗು ಕೊಳ್ಳುವ ಮೊದಲು ಸಾಮಾನನ್ನು ನೆಲದ ಮೇಲೆ ಹರಡಿ ತೂಗಿ. ಬೈಕಿನ ಪುಸ್ತಕದಲ್ಲಿ ಬರೆದಿರುವ ಭಾರದ ಮಿತಿಯಲ್ಲಿ ಸವಾರನ ತೂಕವೂ ಸೇರಿದೆ. ಗಟ್ಟಿ ಪೆಟ್ಟಿಗೆಗೆ ಬೀಗ ಹಾಕಬಹುದು ನಿಜ, ಆದರೆ ಅದರದ್ದೇ ತೂಕ ಬಹಳ. ಬೈಕು ಬಿದ್ದರೆ ಕಾಲು ಅದರಡಿ ಸಿಗುವ ಭಯವೂ ಇದೆ. ಟೆಂಟಿನ ಪ್ರಯಾಣಕ್ಕೆ ಬಾಯಿ ಸುತ್ತಿ ಮುಚ್ಚುವ, ನೀರಿಳಿಯದ ಮೆತ್ತನೆಯ ಬ್ಯಾಗೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಸೈಲೆನ್ಸರಿಗೆ ತಾಗದಂತೆ ಕಟ್ಟಿ. ಭಾರದ ವಸ್ತು ಕೆಳಗೆ, ಸೀಟಿಗೆ ಹತ್ತಿರ, ಎರಡೂ ಕಡೆ ಸಮನಾಗಿರಲಿ. ಕೊಕ್ಕೆಯ ರಬ್ಬರ್ ಹಗ್ಗ ಜಾರಿ ಚಕ್ರಕ್ಕೆ ಸಿಗಬಹುದು. ಬಕಲ್ ಇರುವ ಪಟ್ಟಿಯೇ ಬೇಕು.

ಔಷಧ ಮಾತ್ರ ಬೆನ್ನಚೀಲದಲ್ಲಿ, ಶಾಖ ತಡೆಯುವ ಪೌಚಿನಲ್ಲಿರಲಿ. ಬಳಕೆಯಲ್ಲಿರುವ ಇನ್ಸುಲಿನ್ ಸಾಮಾನ್ಯವಾಗಿ 30 ಡಿಗ್ರಿ ಮೀರಬಾರದು. ಹಾಗೆಂದು ಐಸಿಗೆ ತಾಗಿಸಿಯೂ ಇಡಬಾರದು, ಹೆಪ್ಪುಗಟ್ಟಿದರೆ ಕೆಟ್ಟಂತೆಯೇ.

ಚಳಿಗಾಲದಲ್ಲಿ ಹತ್ತಾ, ಜಬಲ್ ಜೈಸ್ ಕಡೆ ಬೈಕೇರುವ ನಮ್ಮ ಹುಡುಗರಿಗೂ ಇದೇ ಮಾತು. ಬ್ಯಾಗಿನಲ್ಲಿ ಜಾಗ ಉಳಿದರೆ ಉಳಿಯಲಿ.