ಐದು ಗುಂಟೆಯ ಕಟ್ಟೆಗೆ ಸೊನ್ನೆ ಮೀಟರ್ ಕಾವಲು

ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಮನೆ, ಮಳಿಗೆ, ಕಾರ್ಖಾನೆ ಯಾವುದನ್ನೂ ಕಟ್ಟುವಂತಿಲ್ಲ. ಕರ್ನಾಟಕದ ಕೆರೆಗಳಿಗೆ ಕಾಯ್ದೆಯಲ್ಲಿ ಇದ್ದ ಗಟ್ಟಿ ಬೇಲಿ ಇದೊಂದೇ. 2025ರ ಆಗಸ್ಟ್ ಅಧಿವೇಶನದಲ್ಲಿ ನಮ್ಮ ವಿಧಾನಮಂಡಲ ಆ ಬೇಲಿಯನ್ನು ಕೀಳುವುದಕ್ಕೆ ಒಪ್ಪಿಗೆ ಕೊಟ್ಟಿತು. ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ ಕೆರೆಯ ಅಳತೆ ನೋಡಿ ಬಫರ್, ಅಂದರೆ ಕಟ್ಟಡವಿಲ್ಲದ ಅಂಚು, ಅಳೆದು ಕೊಡಬೇಕು. ನೂರು ಎಕರೆ ದಾಟಿದ ಕೆರೆಗೆ ಮಾತ್ರ ಹಳೆಯ 30 ಮೀಟರ್. 25ರಿಂದ 100 ಎಕರೆಯವರೆಗೆ 24 ಮೀಟರ್. 10ರಿಂದ 25ಕ್ಕೆ 12. ಒಂದರಿಂದ ಹತ್ತು ಎಕರೆಗೆ 6. ಐದು ಗುಂಟೆಯಿಂದ ಒಂದು ಎಕರೆಯವರೆಗೆ 3. ಐದು ಗುಂಟೆಯ ಒಳಗಿನದಕ್ಕೆ ಸೊನ್ನೆ.

ಈ ಸೊನ್ನೆಯನ್ನು ನಾನು ಒಪ್ಪುವುದಿಲ್ಲ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಒಂದು ಬೇಸಿಗೆ ಕಳೆದ ಯಾರೂ ಇದನ್ನು ಒಪ್ಪಬಾರದು.

ಐದು ಗುಂಟೆ ಎಂದರೆ 5,445 ಚದರಡಿ. 30/40ರ ಅಳತೆಯಲ್ಲಿ ನಾಲ್ಕೂವರೆ ಸೈಟು. ಈ ಪಟ್ಟಿ ತಯಾರಿಸಿದವರ ಕಣ್ಣಿಗೆ ಐದು ಗುಂಟೆ ಎಂದರೆ ಬರೀ ಸೈಟಾಗಿ ಕಂಡಿರಬೇಕು. ಬೆಂಗಳೂರಿನಲ್ಲಿ ಕುಳಿತು ನೋಡಿದರೆ ಹಾಗೆಯೇ ಕಾಣುತ್ತದೆ. ನಮ್ಮ ಕಡೆ ಐದು ಗುಂಟೆ ಎಂದರೆ ಒಂದು ಗೋಕಟ್ಟೆ. ಒಂದು ಹಟ್ಟಿಯ ಅಷ್ಟೂ ದನ, ಕುರಿ, ಮೇಕೆ ವರ್ಷದ ಏಳೆಂಟು ತಿಂಗಳು ಬದುಕುವುದು ಅದರ ಮೇಲೆ.

ಕೂಡ್ಲಿಗಿ ಕಡೆಯ ಯಾವುದಾದರೂ ಹಟ್ಟಿಯ ಗೋಕಟ್ಟೆಯ ಮುಂದೆ ಮಾರ್ಚ್ ತಿಂಗಳಲ್ಲಿ ನಿಂತು ನೋಡಿ. ನಡು ಮಧ್ಯಾಹ್ನಕ್ಕೆ ಕುರಿಹಿಂಡು ಇಳಿಯುತ್ತದೆ. ನೀರು ಕೆಂಪಗೆ, ಕದಡಿ, ಹಾಲು ಬೆರೆಸಿದ ಚಹಾದಂತಿರುತ್ತದೆ. ಆದರೂ ಅದು ನೀರು, ಕುರಿಗೆ ಅಷ್ಟು ಸಾಕು. ಕಟ್ಟೆಯ ಕೆಳಗೆ ಒಂದೆರಡು ಬೇವಿನ ಮರ, ಅದರ ನೆರಳಲ್ಲಿ ಕುರಿಗಾಹಿಯ ಬುತ್ತಿ ಗಂಟು. ಮೇಲ್ಗಡೆ ಹಳ್ಳದ ಬಾಯಿ ಇದೆ. ಎತ್ತಿನ ಗಾಡಿ ಹೋಗುವಷ್ಟು ಅಗಲವಿದ್ದರೆ ಹೆಚ್ಚು. ಗರಸು ಮಣ್ಣಿನಲ್ಲಿ ಮಳೆನೀರು ಕೊರೆದ ಗೀರುಗಳು, ಅಲ್ಲಲ್ಲಿ ಬಳ್ಳಾರಿ ಜಾಲಿ. ಕಟ್ಟೆ ತುಂಬಬೇಕಾದರೆ ಆ ಬಾಯಿಯೊಂದೇ ದಾರಿ. ಅಲ್ಲಿ ನಾಲ್ಕು ಟ್ರ್ಯಾಕ್ಟರ್ ಗರಸು ಸುರಿದು ಮಟ್ಟ ಮಾಡಿ, ಬಣ್ಣ ಬಳಿದ ಸೈಟುಕಲ್ಲು ನೆಟ್ಟರೆ ಸಾಕು. ಕಟ್ಟೆಯ ಒಳಗೆ ಒಂದು ಬುಟ್ಟಿ ಮಣ್ಣನ್ನೂ ಹಾಕಬೇಕಿಲ್ಲ. ಮುಂದಿನ ದೊಡ್ಡ ಮಳೆಗೆ ನೀರು ಬೇರೆ ಕಡೆ ಹೊರಳುತ್ತದೆ, ಕಟ್ಟೆ ಬರಿದಾಗುತ್ತದೆ. ಎರಡು ವರ್ಷ ಬರಿದಾಗಿದ್ದರೆ ‘ಇಲ್ಲೆಲ್ಲಿದೆ ನೀರು’ ಎಂದು ವರದಿ ಬರೆಯುವುದಕ್ಕೆ ಯಾರಾದರೂ ಬಂದೇ ಬರುತ್ತಾರೆ.

ಕೆರೆಯನ್ನು ಕೊಲ್ಲುವುದು ಹೀಗೆ. ಮೊದಲು ಅಂಚು, ಆಮೇಲೆ ಅಂಗಳ. ಒತ್ತುವರಿ ಎಂಬುದು ಯಾವಾಗಲೂ ದಂಡೆಯಿಂದ ಶುರುವಾಗುತ್ತದೆ, ನಡುನೀರಿನಿಂದ ಅಲ್ಲ. ಆ ದಂಡೆಯನ್ನೇ ಕಾಯುವುದಕ್ಕಿದ್ದ ಕಾಯ್ದೆ ಈಗ ದಂಡೆಯಿಂದ ಎದ್ದು ಹೋಗಬೇಕು ಎನ್ನುತ್ತಾರೆ. ಒಂದು ಎಕರೆಯ ಕುಂಟೆಗೆ 3 ಮೀಟರ್ ಬಿಟ್ಟಿದ್ದೇವಲ್ಲ ಎಂದು ಯಾರಾದರೂ ಹೇಳಿದರೆ ಅವರನ್ನು ಕರೆದುಕೊಂಡು ಹೋಗಿ ಹತ್ತು ಅಡಿ ಅಳೆದು ತೋರಿಸಬೇಕು. ಹೂಳೆತ್ತಲು ಬಂದ ಜೆಸಿಬಿ ಅಲ್ಲಿ ತಿರುಗಲಾರದು. ಏರಿ ಒಡೆದರೆ ಮಣ್ಣು ತಂದ ಟ್ರ್ಯಾಕ್ಟರು ಅಲ್ಲಿ ನಿಲ್ಲಲಾರದು. ಈ ಅಳತೆಪಟ್ಟಿಗೆ ವೈಜ್ಞಾನಿಕ ಎಂಬ ಹೆಸರು ಬೇರೆ.

ಸಣ್ಣ ಕೆರೆಗೆ ಸಣ್ಣ ಬಫರ್, ದೊಡ್ಡ ಕೆರೆಗೆ ದೊಡ್ಡ ಬಫರ್ ಎಂಬುದು ಕೇಳುವುದಕ್ಕೆ ನ್ಯಾಯದಂತಿದೆ. ಅದು ಅನ್ಯಾಯ. ದೊಡ್ಡ ಕೆರೆ ಹತ್ತು ಅಡಿ ಕಳೆದುಕೊಂಡರೂ ಕೆರೆಯಾಗಿಯೇ ಉಳಿಯುತ್ತದೆ. ಐದು ಗುಂಟೆಯ ಕಟ್ಟೆಯ ನಾಲ್ಕೂ ಬದಿಗೆ ಹತ್ತತ್ತು ಅಡಿ ಒತ್ತಿದರೆ ಅರ್ಧದಷ್ಟು ಹೋಯಿತು. ಸಣ್ಣದಕ್ಕೇ ಹೆಚ್ಚು ಕಾವಲು ಬೇಕು. ಮನೆಯಲ್ಲಿ ಎಳೆಗೂಸನ್ನು ಅಂಗಳದಲ್ಲಿ ಬಿಟ್ಟು ದೊಡ್ಡವರಿಗೆ ಕಾವಲು ಕೂರುವವರನ್ನು ನಾನು ನೋಡಿಲ್ಲ.

ಅಂಕಸಮುದ್ರವನ್ನು ತೋರಿಸಿ ಬಾಯಿ ಮುಚ್ಚಿಸಲು ನೋಡುತ್ತಾರೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಆ ಕೆರೆ ಸುಮಾರು 244 ಎಕರೆ. ಹಾಗಾಗಿ 30 ಮೀಟರ್ ಹಾಗೇ ಉಳಿಯುತ್ತದೆ, ನಿಜ. ನೀರಲ್ಲಿ ಅರ್ಧ ಮುಳುಗಿ ನಿಂತ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ, ಮೂವತ್ತು ಸಾವಿರಕ್ಕೂ ಮಿಕ್ಕಿ ನೀರುಹಕ್ಕಿಗಳಿಗೆ ಆಸರೆಯಾದ ಜಾಗ ಅದು. 2024ರ ಜನವರಿಯಲ್ಲಿ ಮಾಗಡಿ ಕೆರೆ, ಅಘನಾಶಿನಿ ಅಳಿವೆಗಳ ಜೊತೆ ಅದಕ್ಕೂ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂಬ ರಾಮ್ಸರ್ ಮಾನ್ಯತೆ ಸಿಕ್ಕಿತು. ಊರಿನವರು ತಲೆತಲಾಂತರದಿಂದ ಗದ್ದೆಗೆ ನೀರು ಹಾಯಿಸಲು ಬಳಸಿದ ಕೆರೆಯೇ ಇವತ್ತು ಜಗತ್ತಿನ ನಕ್ಷೆಯಲ್ಲಿದೆ. ಆದರೆ ಆ ಹಕ್ಕಿಗಳು ಅಂಕಸಮುದ್ರದಲ್ಲಿ ಗೂಡು ಕಟ್ಟಿದ ಮಾತ್ರಕ್ಕೆ ಹೊಟ್ಟೆಯನ್ನೂ ಅಲ್ಲೇ ತುಂಬಿಸಿಕೊಳ್ಳುತ್ತವೆಯೇ? ಸುತ್ತಲಿನ ಗದ್ದೆ, ಕುಂಟೆ, ಕಟ್ಟೆ, ತುಂಗಭದ್ರೆಯ ಹಿನ್ನೀರಿನ ಅಂಚು ಎಲ್ಲವೂ ಅವುಗಳ ಊಟದ ಜಾಗ. ಗೂಡಿರುವ ಕೆರೆಗೆ 30 ಮೀಟರ್ ಕೊಟ್ಟು, ಮೀನು ಸಿಗುವ ಕುಂಟೆಗೆ ಸೊನ್ನೆ ಕೊಟ್ಟರೆ ಅದು ಯಾವ ಸಂರಕ್ಷಣೆ? ಗುಡೇಕೋಟೆಯ ಕರಡಿಧಾಮದ ಸುತ್ತಲಿನ ಸಣ್ಣ ಹೊಂಡಗಳಿಗೂ ಇದೇ ಮಾತು. ಕರಡಿ ಬಂದು ವಿಸ್ತೀರ್ಣ ಕೇಳುವುದಿಲ್ಲ.

ನೀರಿನ ಲೆಕ್ಕವೂ ಹಾಗೆಯೇ. ಯಾವ ಕೆರೆಯೂ ತನ್ನಷ್ಟಕ್ಕೆ ತಾನೇ ತುಂಬುವುದಿಲ್ಲ. ಮೇಲಿನ ಕಟ್ಟೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ವರ್ಷಕ್ಕೆ ಐದಾರು ನೂರು ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಕೆರೆ ಕಟ್ಟಿಸಿದ ಹಿರಿಯರು ಹಾಗೇ ಸರಣಿಯಾಗಿ ಕಟ್ಟಿಸಿದರು. ಆ ಮಳೆಯೂ ಹದವಾಗಿ ಬರುವುದಿಲ್ಲ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ನಾಲ್ಕಾರು ಸಲ ಜೋರಾಗಿ ಸುರಿದು ಹೋಗುತ್ತದೆ. ಆ ಕೆಲವು ರಾತ್ರಿಗಳಲ್ಲಿ ನೀರು ಹಿಡಿದವರಿಗೆ ವರ್ಷ ಉಂಟು, ಬಿಟ್ಟವರಿಗೆ ಇಲ್ಲ. ಮೇಲಿನ ಸಣ್ಣ ಕಟ್ಟೆಗಳು ಹೂಳನ್ನೂ ತಡೆಯುತ್ತವೆ. ಅವು ಸತ್ತರೆ ಅಷ್ಟೂ ಹೂಳು ಕೆಳಗಿನ ದೊಡ್ಡ ಕೆರೆಗೆ ಬಂದು ಕೂರುತ್ತದೆ. 30 ಮೀಟರ್ ಬಫರ್ ಉಳಿಸಿಕೊಂಡ ಕೆರೆಯ ಒಳಗೆ ಆಗ ಉಳಿಯುವುದು ಮಣ್ಣು.

ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಸಣ್ಣ ನೀರಾವರಿ ಇಲಾಖೆಯ ಕೈಯಲ್ಲಿರುವುದು ಅದರಲ್ಲಿ ಮೂರೂವರೆ ಸಾವಿರ ಚಿಲ್ಲರೆ. ಹತ್ತರಲ್ಲಿ ಒಂಬತ್ತು ಕೆರೆ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನವು, ಪಂಚಾಯಿತಿಗಳ ಪಾಲಿನವು. ಈ ತಿದ್ದುಪಡಿಯ ಪೆಟ್ಟು ಬೀಳುವುದು ಹೆಚ್ಚಾಗಿ ಆ ಒಂಬತ್ತರ ಮೇಲೆ. ಗೋಕಟ್ಟೆ, ಕುಂಟೆಗಳಲ್ಲಿ ಎಷ್ಟೋ ಈ ಲೆಕ್ಕಕ್ಕೂ ಸೇರಿಲ್ಲ.

ಇನ್ನು ಪ್ರಾಧಿಕಾರದ ಕಥೆ. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಹೆಬ್ಬಾಳ ಕೆರೆಯನ್ನು ಹೋಟೆಲ್ ಕಂಪನಿಗೆ ಗುತ್ತಿಗೆ ಕೊಟ್ಟು ಹೆಸರು ಕೆಡಿಸಿಕೊಂಡಿತು. ಹೈಕೋರ್ಟ್ ಮೆಟ್ಟಿಲು ಹತ್ತಿ ಜನ ಹೋರಾಡಿದ ಮೇಲೆ 2014ರಲ್ಲಿ ಕಾಯ್ದೆ ಬಂತು. 2018ರಲ್ಲಿ ಅದನ್ನೂ ತಿದ್ದಿ ಕೆಲಸವನ್ನು ಸಣ್ಣ ನೀರಾವರಿ ಇಲಾಖೆಯ ಮಡಿಲಿಗೆ ಹಾಕಿದರು. ಇಷ್ಟು ವರ್ಷಗಳಲ್ಲಿ ನಮ್ಮ ಭಾಗದ ಒಂದು ಹಳ್ಳಿಯ ಕಟ್ಟೆಯ ಗಡಿಗೆ ಕಲ್ಲು ನೆಡಿಸಿ ಎಂದು ಕೇಳಿಕೊಂಡು ಓಡಾಡಿದವರಿಗೆ ಸಿಕ್ಕ ಉತ್ತರ ಒಂದೇ: ಸರ್ವೆಯರ್ ಇಲ್ಲ. ಕಂದಾಯದವರು ಪಂಚಾಯಿತಿ ಕಡೆ ಕೈ ತೋರಿಸುತ್ತಾರೆ, ಪಂಚಾಯಿತಿಯವರು ಇಲಾಖೆ ಕಡೆ, ಇಲಾಖೆಯವರು ಮತ್ತೆ ಕಂದಾಯದ ಕಡೆ. ಇದ್ದ ಕಾಯ್ದೆಯನ್ನು ಒಂದು ದಿನವೂ ನೆಟ್ಟಗೆ ಜಾರಿ ಮಾಡದವರಿಗೆ ಅದು ಬಿಗಿಯಾಯಿತು, ಸಡಿಲಿಸೋಣ ಎನ್ನುವುದಕ್ಕೆ ಯಾವ ನೈತಿಕ ಹಕ್ಕಿದೆ?

ಕೆರೆ ಒತ್ತುವರಿ ತನಿಖೆಗೆ ಸದನ ಸಮಿತಿ ಆಗಲಿಲ್ಲವೆ ಎನ್ನಬಹುದು. ಆಯಿತು. ಕೆ.ಬಿ. ಕೋಳಿವಾಡ ಅವರ ಅಧ್ಯಕ್ಷತೆಯ ಸಮಿತಿ 2017ರಲ್ಲಿ ವರದಿ ಕೊಟ್ಟಿತು, ಕೆಲಸವನ್ನೂ ಮಾಡಿತು. ಆದರೆ ಅದು ನೋಡಿದ್ದು ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳನ್ನು. ಕೋಳಿವಾಡರ ಸ್ವಂತ ರಾಣೆಬೆನ್ನೂರಿನಿಂದ ಹೊಳೆ ದಾಟಿದರೆ ಹರಪನಹಳ್ಳಿ ಸೀಮೆ. ಇಲ್ಲಿಗೆ ಯಾವ ಸಮಿತಿಯೂ ಬರಲಿಲ್ಲ. ಬೆಂಗಳೂರಿನ ಕೆರೆ ನೊರೆಯೆದ್ದರೆ ದೇಶವೇ ನೋಡುತ್ತದೆ. ಹಟ್ಟಿಯ ಕಟ್ಟೆ ಒಣಗಿದರೆ ಹಿಂಡು ಹೊಡೆದುಕೊಂಡು ಹೊರಟ ಕುರಿಗಾಹಿಗೆ ಮಾತ್ರ ಗೊತ್ತು.

ನಮ್ಮ ಪಾಲಿಗೆ ಇದು ಹೊಸದಲ್ಲ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿ 1953ರಲ್ಲಿ ಕಾಲುವೆಗೆ ನೀರು ಬಿಟ್ಟಾಗ ಹಿನ್ನೀರು ಬಂದದ್ದು ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಹೊಲಗಳಿಗೆ. ಕಾಲುವೆ ಹೋದದ್ದು ಕೆಳಗಿನವರಿಗೆ. ಮುಳುಗಡೆ ನಮಗೆ, ನೀರಾವರಿ ಬೇರೆಯವರಿಗೆ. ಹರಪನಹಳ್ಳಿಯನ್ನಂತೂ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ದಾವಣಗೆರೆಯಿಂದ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಎತ್ತಿ ಎತ್ತಿ ಇಟ್ಟರು. ಜಿಲ್ಲಾ ಕೇಂದ್ರ ಬದಲಾದಾಗಲೆಲ್ಲ ರೈತ ಹೊಸ ಕಚೇರಿಯ ಹೊಸ ಬಾಗಿಲು ಹುಡುಕಬೇಕು. ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟು, ಸಂವಿಧಾನದ 371(ಜೆ) ವಿಧಿ ಕೊಟ್ಟು, ಕಾಯ್ದೆ ಮಾಡುವಾಗ ಮಾತ್ರ ಬೆಂಗಳೂರಿನ ಭೂಮಿಯ ಬೆಲೆಯನ್ನು ಮುಂದಿಟ್ಟುಕೊಳ್ಳುತ್ತಾರೆ.

ಇದರಲ್ಲಿ ಹೊಟ್ಟೆ ಉರಿಯುವ ಮಾತು ಇನ್ನೊಂದಿದೆ. ಕೂಡ್ಲಿಗಿ ಕ್ಷೇತ್ರದ 74 ಕೆರೆಗಳಿಗೆ ತುಂಗಭದ್ರೆಯಿಂದ ನೀರು ತುಂಬಿಸುವ ಯೋಜನೆ ಇದೇ ಸರ್ಕಾರಗಳದ್ದು. ಹರಪನಹಳ್ಳಿಯಲ್ಲಿ 60 ಕೆರೆಗಳ ಯೋಜನೆ. ಹಡಗಲಿ ಕಡೆ ಸಿಂಗಟಾಲೂರು ಏತ ನೀರಾವರಿ. ಚಿಕ್ಕಹಗರಿಗೆ ಕಟ್ಟಿದ ಮಾಲವಿ ಜಲಾಶಯ ಹಳ್ಳ ಹರಿಯದೆ ವರ್ಷಗಟ್ಟಲೆ ಬರಿದಾಗಿದ್ದು, ಕೊನೆಗೆ ಅದಕ್ಕೂ ತುಂಗಭದ್ರೆಯ ನೀರನ್ನೇ ಪೈಪಿನಲ್ಲಿ ತರಬೇಕಾಯಿತು. ನಾನು ಈ ಯೋಜನೆಗಳ ವಿರೋಧಿಯಲ್ಲ. ಕೂಡ್ಲಿಗಿಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದು ಹಲ್ಲು ಹಳದಿಗಟ್ಟಿದ ಮಕ್ಕಳನ್ನು, ಬೆನ್ನು ಬಾಗಿದ ಮುದುಕರನ್ನು ಕಂಡವರಿಗೆ ಹೇಳಬೇಕಿಲ್ಲ. ಹೊಳೆ ನೀರು ಬರಲಿ. ಆದರೆ ನೂರಾರು ಕೋಟಿ ಸುರಿದು, ಪಂಪು ಹಚ್ಚಿ, ಕರೆಂಟು ಬಿಲ್ಲು ಕಟ್ಟಿ ಹೊಳೆಯಿಂದ ಮೇಲೆತ್ತಿ ತಂದ ನೀರಿಗೆ ಇಳಿಯಲು ಜಾಗ ಬೇಡವೇ? 74 ಕೆರೆಗೆ ಪೈಪು ಎಳೆಯುವ ಸರ್ಕಾರವೇ ಆ ಕೆರೆಗಳ ನೆತ್ತಿಯ ಮೇಲಿನ ಕಟ್ಟೆಗಳ ದಂಡೆಯನ್ನು ಸೈಟಿಗೆ ಬಿಟ್ಟುಕೊಡುತ್ತದೆ. ಪುಕ್ಕಟೆ ಬರುವ ಮಳೆನೀರನ್ನು ಅಡ್ಡಗಟ್ಟಿ, ದುಡ್ಡು ಕೊಟ್ಟು ತರುವ ನೀರಿಗೆ ಕಾಯುವುದು ಯಾವ ಜಾಣತನ? ಮೋಟರು ಕೆಟ್ಟ ವರ್ಷ, ಹೊಳೆಯೇ ಬತ್ತಿದ ವರ್ಷ ನಮ್ಮ ಗತಿಯೇನು?

ಬಫರ್ ಒಳಗೆ ರಸ್ತೆ, ಸೇತುವೆ, ವಿದ್ಯುತ್ ಲೈನು, ಒಳಚರಂಡಿ ಕೊಳವೆ ಇತ್ಯಾದಿ ಸಾರ್ವಜನಿಕ ಕೆಲಸಗಳಿಗೆ ಅವಕಾಶವನ್ನೂ ಇದೇ ತಿದ್ದುಪಡಿ ತೆರೆಯುತ್ತದೆ. ನಮ್ಮ ಪಟ್ಟಣ ಪಂಚಾಯಿತಿ, ಪುರಸಭೆಗಳ ಊರುಗಳಲ್ಲಿ ಬೆಳಿಗ್ಗೆ ವಾಕಿಂಗ್ ಹೋಗಲು, ಹುಡುಗರು ಕ್ರಿಕೆಟ್ ಆಡಲು ಉಳಿದಿರುವ ಬಯಲು ಕೆರೆಯ ಪಕ್ಕದ್ದೇ. ಉದ್ಯಾನ, ಆಟದ ಮೈದಾನ, ಬಯಲು ಜಾಗ ಕಾಯಲು 1985ರ ಕಾಯ್ದೆ ಇದೆ. ಅದನ್ನು ಓದಿ ಬಡಾವಣೆ ಮಂಜೂರು ಮಾಡಿದ್ದನ್ನು ನಾನಂತೂ ಕಂಡಿಲ್ಲ. ತಿದ್ದುಪಡಿ ಜಾರಿಯಾದರೆ ಆ ಬಯಲಿಗೆ ಚರಂಡಿ ಪೈಪು ಕಾನೂನುಬದ್ಧವಾಗಿಯೇ ಬರುತ್ತದೆ. ಪೈಪು ಒಡೆದ ದಿನ ಕೊಳಕು ಹರಿಯುವುದು ಎಲ್ಲಿಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನ್ಯಾಯಾಲಯದ ಹೆಸರು ಹೇಳಿ ನುಣುಚಿಕೊಳ್ಳುವವರೂ ಇದ್ದಾರೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಬಫರ್ ಎಂದಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಸರಿ. ಆದರೆ ರದ್ದಾದ ಮೇಲೂ ಮಾಸ್ಟರ್ ಪ್ಲಾನಿನ 30 ಮೀಟರ್ ಉಳಿಯಿತು. 75ರಿಂದ ಇಳಿದು ನಿಂತ ಕೊನೆಯ ಮೆಟ್ಟಿಲು ಅದು. ಅದೇ ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಪಂಜಾಬಿನ ಒಂದು ಹಳ್ಳಿಯ ಕೊಳದ ಒತ್ತುವರಿಯನ್ನು ತೆರವು ಮಾಡಿಸಿ, ಊರೊಟ್ಟಿನ ಜಾಗಗಳನ್ನು ಹೀಗೆ ಕಬಳಿಸಿದವರನ್ನು ಎಬ್ಬಿಸಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕೆಂದು ಆದೇಶಿಸಿತು. ಆ ತೀರ್ಪಿನಲ್ಲಿದ್ದದ್ದು ಹಳ್ಳಿಯ ಒಂದು ಕೊಳ. ಅದರ ವಿಸ್ತೀರ್ಣ ಎಷ್ಟು, ಐದು ಗುಂಟೆ ದಾಟಿದೆಯೇ ಎಂಬುದರ ಮೇಲೆ ನ್ಯಾಯ ನಿಂತಿರಲಿಲ್ಲ.

ತಿದ್ದುಪಡಿಯನ್ನು ಪೂರ್ತಿ ಕೈಬಿಡಬೇಕು. ಅರ್ಧಂಬರ್ಧ ರಾಜಿ ಬೇಡ. ಸೊನ್ನೆಯನ್ನು ಎರಡು ಮೀಟರ್ ಮಾಡಿ ಉಪಕಾರ ಮಾಡಿದೆವು ಎನ್ನುವುದೂ ಬೇಡ. 30 ಮೀಟರ್ ಗೋಕಟ್ಟೆಗೂ ಇರಲಿ, ನೀರು ಬರುವ ಹಳ್ಳದ ಬಾಯಿಗೂ ಇರಲಿ. ಈ ಐದು ತಾಲ್ಲೂಕುಗಳನ್ನು ಪ್ರತಿನಿಧಿಸುವ ಶಾಸಕರು, ಯಾವ ಪಕ್ಷದವರೇ ಆಗಲಿ, ತಮ್ಮ ನಿಲುವೇನು ಎಂದು ತಮ್ಮ ಊರಿನ ಕೆರೆ ಏರಿಯ ಮೇಲೆ ನಿಂತು ಜನರೆದುರು ಹೇಳಲಿ. ಕೆರೆಗೆ ಬಾಗಿನ ಅರ್ಪಿಸಲು ಬರುವವರಿಗೆ ಇದೇನೂ ಕಷ್ಟದ ಕೆಲಸವಲ್ಲ.

ಅಲ್ಲಿಯವರೆಗೆ ಊರವರು ಕಾಯುತ್ತ ಕೂರಬಾರದು. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಊರಿನ ಪ್ರತಿ ಗೋಕಟ್ಟೆ, ಕುಂಟೆ, ಕಲ್ಯಾಣಿಯ ಹೆಸರನ್ನು ಸರ್ವೆ ನಂಬರ್ ಸಮೇತ ನಡಾವಳಿ ಪುಸ್ತಕದಲ್ಲಿ ಬರೆಸಿ. ನೀರು ಬರುವ ಹಳ್ಳ ಯಾವ ಯಾವ ಹೊಲದ ಬದುವಿನಿಂದ ಬರುತ್ತದೆ ಎಂಬುದನ್ನೂ ಬರೆಸಿ. ಹಳಬರಿಗೆ ಅದು ಬಾಯಿಪಾಠವಿದೆ, ಅವರಿರುವಾಗಲೇ ಕೇಳಿ ಬರೆಸಿಕೊಳ್ಳಿ. ಗಡಿ ಅಳೆದು ಕಲ್ಲು ನೆಡಬೇಕೆಂದು ಠರಾವು ಮಾಡಿ ಒಂದು ಪ್ರತಿಯನ್ನು ತಹಶೀಲ್ದಾರರಿಗೆ, ಒಂದನ್ನು ಜಿಲ್ಲಾಧಿಕಾರಿಗೆ ಕಳಿಸಿ, ಸ್ವೀಕೃತಿಯನ್ನು ಕೈಯಲ್ಲಿಟ್ಟುಕೊಳ್ಳಿ. ಮುಂಗಾರಿಗೆ ಮೊದಲೇ ಇದು ಆಗಬೇಕು.