ಹಾರ್ಟ್ ಆಪರೇಶನ್ ಆಯ್ತು, ಲಿವರ್ ಯಾಕೆ ಕೈಕೊಡ್ತು?

ಊರಿಂದ ಬರೋ ಫೋನುಗಳಲ್ಲಿ ವರ್ಷಕ್ಕೆ ಒಂದೆರಡಾದರೂ ಇಂಥವು ಇರುತ್ತವೆ. "ಬೈಪಾಸ್ ಚೆನ್ನಾಗೇ ಆಯ್ತು ಅಂದ್ರು ಕಣೋ. ಮೂರನೇ ದಿನಕ್ಕೆ ಲಿವರ್ ಫೇಲ್ ಅಂತಿದಾರೆ. ಕುಯ್ದಿದ್ದು ಎದೆ, ಕೆಟ್ಟಿದ್ದು ಲಿವರ್ರು! ಏನೋ ಎಡವಟ್ಟು ಮಾಡಿದಾರೆ ಅಲ್ವಾ?" ನಾನು ಇಲ್ಲಿ ಇಂಗ್ಲೆಂಡಿನಲ್ಲಿ ಐಸಿಯು ಕೆಲಸದವನು ಅನ್ನೋ ಕಾರಣಕ್ಕೆ ಈ ಪ್ರಶ್ನೆ ನನ್ನ ಹತ್ತಿರ ಬರುತ್ತೆ. ಕೇಸ್ ಪೇಪರ್ ನೋಡದೆ ಎಡವಟ್ಟಿನ ಮಾತಿಗೆ ಉತ್ತರ ಹೇಳೋಕಾಗಲ್ಲ. ಆದರೆ ಎದೆಗೂ ಲಿವರಿಗೂ ಇರೋ ನಂಟನ್ನ ಹೇಳಬಹುದು.

ಹೃದಯ ಒತ್ತುವ ರಕ್ತದಲ್ಲಿ ಸುಮಾರು ಕಾಲು ಭಾಗ ಲಿವರಿಗೇ ಹೋಗುತ್ತೆ. ಅದರಲ್ಲೂ ಮುಕ್ಕಾಲು ಪಾಲು ನೇರವಾಗಿ ಬರೋದಲ್ಲ, ಕರುಳನ್ನೆಲ್ಲ ಸುತ್ತಿ, ಒಂದಷ್ಟು ಆಮ್ಲಜನಕ ಕಳಕೊಂಡು ಬರೋದು. ನಮ್ಮ ಕಡೆ ನಾಲೆಯ ಕೊನೇ ಗದ್ದೆ ಇರುತ್ತಲ್ಲ, ಲಿವರಿನ ಒಳಗಿನ ಕೆಲವು ಜೀವಕೋಶಗಳ ಪಾಡು ಹಾಗೇ. ಮೇಲೆ ನೀರು ಕಮ್ಮಿಯಾದರೆ ಮೊದಲು ಒಣಗೋದು ಅವೇ. ಇನ್ನೊಂದು ಕಷ್ಟವೂ ಇದೆ. ಹೃದಯದ ಬಲಭಾಗ ಸೋತರೆ ಲಿವರಿನಿಂದ ರಕ್ತ ವಾಪಸ್ ಹೋಗೋದಿಲ್ಲ, ಬಸಿಗಾಲುವೆ ಕಟ್ಟಿಕೊಂಡ ಗದ್ದೆಯ ಹಾಗೆ ಒಳಗೇ ನಿಲ್ಲುತ್ತೆ. ಆಪರೇಶನ್ ಆದಮೇಲೆ ಬಿ.ಪಿ. ಬಿದ್ದು, ಈ ಎರಡೂ ಒಟ್ಟಿಗೆ ಆದರೆ ಲಿವರ್ ತತ್ತರಿಸುತ್ತೆ. ಇದಕ್ಕೆ 'ಶಾಕ್ ಲಿವರ್' ಅಂತ ಹೆಸರು.

ಆಗ ಮನೆಯವರ ಕೈಗೆ ಬರೋ ಲ್ಯಾಬ್ ರಿಪೋರ್ಟ್ ನೋಡಿದರೆ ಎದೆ ಧಸಕ್ಕೆನ್ನುತ್ತೆ. 40ರ ಆಸುಪಾಸಿನಲ್ಲಿರಬೇಕಾದ ಎಸ್.ಜಿ.ಪಿ.ಟಿ. ಸಾವಿರಗಳಲ್ಲಿ ಇರುತ್ತೆ. ರಕ್ತ ಮತ್ತೆ ಸರಿಯಾಗಿ ಹರಿಯತೊಡಗಿದರೆ ಅದು ಒಂದು ಮೂರು ದಿನದಲ್ಲಿ ತುದಿ ಮುಟ್ಟಿ, ಅಷ್ಟೇ ಬೇಗ ಇಳಿಯೋಕೆ ಶುರುವಾಗುತ್ತೆ. ಕಣ್ಣು ಹಳದಿಯಾಗೋದು ಎಷ್ಟೋ ಸಲ ಆಮೇಲೆ. ನಂಬರ್ ಇಳೀತಿರೋವಾಗ ಕಾಮಾಲೆ ಏರ್ತಿದೆ ಅಂತ ಮನೆಯವರು ಗಾಬರಿಯಾಗ್ತಾರೆ. ವೈದ್ಯರು ಅದಕ್ಕಿಂತ ಹೆಚ್ಚಾಗಿ ನೋಡೋದು ಬೇರೆ: ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ತಗೊಳ್ತಿದೆ (ಐ.ಎನ್.ಆರ್.), ಲ್ಯಾಕ್ಟೇಟ್ ಇಳೀತಿದೆಯಾ, ರೋಗಿಗೆ ಎಚ್ಚರ ಇದೆಯಾ. ಮಂಪರು, ಅಸಂಬದ್ಧ ಮಾತು ಶುರುವಾಯ್ತು ಅಂದರೆ ವಿಷಯ ಗಂಭೀರ.

ಇನ್ನು ಚಿಕಿತ್ಸೆ. "ಲಿವರಿಗೆ ಏನು ಔಷಧಿ ಕೊಡ್ತಿದಾರೆ?" ಅಂತ ಎಲ್ಲರೂ ಕೇಳ್ತಾರೆ. ಮೊದಲ ಔಷಧಿ ಹೃದಯಕ್ಕೇ! ಎಕೋ ಮಾಡಿ, ಹೃದಯದ ಸುತ್ತ ರಕ್ತ ತುಂಬಿ ಅಮುಕುತ್ತಿದೆಯೇ ನೋಡ್ತಾರೆ. ಇದ್ದರೆ ತಕ್ಷಣ ತೆಗೀಬೇಕು. ಹೃದಯದ ಬಡಿತಕ್ಕೆ ಬಲ ಕೊಡೋ ಡ್ರಿಪ್ಪು, ಕಟ್ಟಿಕೊಂಡ ನೀರು ಇಳಿಸೋ ಔಷಧಿ, ಯಾವುದೂ ಸಾಲದಿದ್ದರೆ ಎಕ್ಮೋ ಯಂತ್ರ. ಲಿವರಿಗೆ ರಕ್ತ ತಲುಪದೆ ಮಿಕ್ಕಿದ್ದೆಲ್ಲ ಮಾಡಿ ಪ್ರಯೋಜನ ಇಲ್ಲ.

ಅದರ ಜೊತೆಗೇ ಲಿವರ್ ಬಿಟ್ಟ ಕೆಲಸಗಳನ್ನು ನಾವು ಮಾಡಬೇಕು. ಸಕ್ಕರೆ ಕುಸಿಯುತ್ತೆ, ಆದ್ದರಿಂದ ಪದೇಪದೇ ಪರೀಕ್ಷೆ ಮಾಡಿ ಗ್ಲೂಕೋಸ್ ಕೊಡಬೇಕು. ಅಮೋನಿಯಾ ಏರಿ ಮಿದುಳು ಊದಿಕೊಳ್ಳಬಹುದು, ನಿಧಾನವಾಗಿ ಹಗಲೂ ರಾತ್ರಿ ಓಡೋ ಡಯಾಲಿಸಿಸ್ ಅದನ್ನ ತೆಗೆಯುತ್ತೆ. ಎನ್-ಅಸಿಟೈಲ್‌ಸಿಸ್ಟೀನ್ ಅನ್ನೋ ಔಷಧಿ ಪ್ಯಾರಾಸಿಟಮಾಲ್ ವಿಷಕ್ಕೆ 1970ರ ದಶಕದಿಂದ ಬಳಕೆಯಲ್ಲಿದೆ. ಬೇರೆ ಕಾರಣದ ಲಿವರ್ ವೈಫಲ್ಯದಲ್ಲೂ ಶುರುವಿನಲ್ಲೇ ಕೊಟ್ಟರೆ ಅನುಕೂಲ ಅಂತ 2009ರಲ್ಲಿ ಬಂದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆದರೆ ಶಾಕ್ ಲಿವರಿಗೆ ಅದೇ ರಾಮಬಾಣ ಅಂತ ನಂಬಬೇಡಿ. ವಾಲ್ವ್ ಹಾಕಿಸಿಕೊಂಡವರದ್ದು ಇನ್ನೂ ಇಕ್ಕಟ್ಟು. ಐ.ಎನ್.ಆರ್. ಜಾಸ್ತಿ ಇದ್ದರೂ ಹೆಪ್ಪುಗಟ್ಟಲ್ಲ ಅನ್ನೋ ಭರವಸೆ ಇಲ್ಲ, ರಕ್ತಸ್ರಾವದ ಭಯವಂತೂ ಇದ್ದೇ ಇದೆ. ವಾರ್ಫರಿನ್ ಯಾವಾಗ, ಹೆಪಾರಿನ್ ಎಷ್ಟು ಅನ್ನೋದನ್ನ ದಿನಾ ಹೊಸದಾಗಿ ಯೋಚಿಸಬೇಕು.

ಲಿವರ್ ಬದಲಾಯಿಸಬಹುದಲ್ಲ ಅಂತ ಕೇಳ್ತೀರಿ. ಅಷ್ಟು ದೊಡ್ಡ ಆಪರೇಶನ್ ತಡೆಯೋಕೆ ಗಟ್ಟಿ ಹೃದಯ ಬೇಕು, ಇಲ್ಲಿ ಕೊರತೆ ಇರೋದೇ ಅದರದ್ದು. ಹಾಗಾಗಿ ಆ ದಾರಿ ತೀರಾ ಅಪರೂಪ. ತುಂಬಾ ಜನ ಉಳಿಯೋದಿಲ್ಲ ಅನ್ನೋದನ್ನ ಮುಚ್ಚಿಡೋದು ಸರಿಯಲ್ಲ. ಅವರಲ್ಲೂ ಹೆಚ್ಚಿನವರನ್ನು ಒಯ್ಯೋದು ಲಿವರಿಗಿಂತ ಹೃದಯವೇ. ಆದರೆ ಹೃದಯ ಚೇತರಿಸಿಕೊಂಡರೆ ಲಿವರ್ ತನ್ನನ್ನ ತಾನೇ ಕಟ್ಟಿಕೊಳ್ಳೋ ಅಂಗ.

ಮನೆಯವರಿಗೆ ಎರಡು ಮಾತು. ಆಪರೇಶನ್ನಿಗೆ ಮುಂಚೆ ಹಳೇ ಕಾಮಾಲೆ, ಕುಡಿತ, ನಾಟಿ ಔಷಧಿ, ಕಷಾಯ ಎಲ್ಲವನ್ನೂ ಸಂಕೋಚ ಬಿಟ್ಟು ಹೇಳಿ. ಆಮೇಲೆ ಕಣ್ಣು ಹಳದಿಯಾಯ್ತು ಅಂತ ಡಾಕ್ಟರಿಗೆ ಗೊತ್ತಿಲ್ಲದ ಹಾಗೆ ನೆಲನೆಲ್ಲಿ ರಸ ಕುಡಿಸೋಕೆ ಹೋಗಬೇಡಿ. ಇದು ವೈರಸ್ಸಿನ ಕಾಮಾಲೆ ಅಲ್ಲ. ರೌಂಡ್ಸಿಗೆ ಬಂದ ಡಾಕ್ಟರನ್ನ "ಯಾರ ತಪ್ಪು?" ಅಂತ ಕೇಳೋ ಮೊದಲು ಇವನ್ನ ಕೇಳಿ: ಇವತ್ತು ಹೃದಯ ಹೇಗೆ ಕೆಲಸ ಮಾಡ್ತಿದೆ? ಲ್ಯಾಕ್ಟೇಟ್, ಐ.ಎನ್.ಆರ್. ನಿನ್ನೆಗಿಂತ ಇಳಿದಿದೆಯಾ? ಕರೆದರೆ ಕಣ್ಣು ಬಿಡ್ತಾರಾ? ಈ ಮೂರಕ್ಕೆ ಸಿಗೋ ಉತ್ತರ ಎಸ್.ಜಿ.ಪಿ.ಟಿ. ನಂಬರಿಗಿಂತ ಹೆಚ್ಚು ನಿಜ ಹೇಳುತ್ತೆ.